ಇಂಬಳಕ್ಕೊಂದು ಮೊಳೆ

ಚಿತ್ರ ಮಾಡುವುದು ಅಂಥ ಕಷ್ಟವೇನಲ್ಲ; ಮಾಡಿದ ಮೇಲೆ ನೋಡಲು ಬಂದವರಿಗೆ ಉತ್ತರ ಕೊಡುವುದೇ ಕಷ್ಟ. ಅದರಲ್ಲೂ ಕಾಫಿ ಸೀಮೆಯಲ್ಲಿ ಕೂತು ಪಾಪ್ ಆರ್ಟ್ ಮಾಡುವವಳಿಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ.

೧. ಅರ್ಥ

ಮಳೆಗಾಲದಲ್ಲಿ ತೋಟಕ್ಕೆ ಕಾಲಿಟ್ಟ ಕೂಡಲೇ ರಕ್ತ ಹೀರಲು ಕಾಲಿಗೆ ಹತ್ತುತ್ತದಲ್ಲ, ಜಿಗಣೆ ಜಾತಿಯ ಇಂಬಳ, ಅದನ್ನು ನಾನು ಸ್ಕ್ರೀನ್ ಪ್ರಿಂಟ್ ಮಾಡಿದೆ. ಒಂದೇ ಇಂಬಳ, ನಾಲ್ಕು ಚೌಕ, ನಾಲ್ಕು ಬಣ್ಣ: ಗುಲಾಬಿ, ಹಳದಿ, ನೀಲಿ, ಕಿತ್ತಳೆ. ಮಾಡಿದ್ದು ಇಪ್ಪತ್ತೇ ಪ್ರತಿ.

ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. "ಇದರ ಅರ್ಥ ಏನು ಮಾರಾಯ್ತಿ?"

"ದಿನಾ ಕಣ್ಣೆದುರಿಗಿದ್ದರೂ ನಾವು ನೋಡದೆ ಬಿಡೋ ವಸ್ತೂನ ದೊಡ್ಡದಾಗಿ ತೋರಿಸೋದು ಅತ್ತೆ."

"ನೋಡದೆ ಎಲ್ಲಿ ಬಿಡ್ತೀವಿ? ನೋಡಿದ ತಕ್ಷಣ ಕಿತ್ತು ಬಿಸಾಡ್ತೀವಲ್ಲ!"

ಹಾಲ್‌ನಲ್ಲಿ ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ನೇತಾಡುವ ಜಾಗ ನನಗೆ ಬೇಕಿತ್ತು. ಮದುವೆಯಾದಾಗಿನಿಂದ ಆ ಗೋಡೆಯ ಮೇಲೆ ನನ್ನ ಒಂದು ಚಿತ್ರಕ್ಕೂ ಜಾಗ ಸಿಕ್ಕಿರಲಿಲ್ಲ. ಅತ್ತೆ ಷರತ್ತು ಹಾಕಿದರು: "ಹತ್ತೊಂಬತ್ತನ್ನ ಜನ ದುಡ್ಡು ಕೊಟ್ಟು ತಗೊಂಡು ಹೋಗ್ಲಿ. ಇಪ್ಪತ್ತನೇದಕ್ಕೆ ನಾನೇ ಮೊಳೆ ಹೊಡೀತೀನಿ."

ಅಂದರೆ, ಕ್ಯಾಲೆಂಡರ್ ಕ್ಷೇಮವಾಗಿದೆ ಎಂದು ಅವರಿಗೆ ಖಾತ್ರಿಯಿತ್ತು.

೨. ಕ್ಲೀನಿಂಗ್

ಮೊದಲ ಪ್ರತಿಯನ್ನು ಫ್ರೇಮ್ ಹಾಕಿಸಲು ಆಲ್ದೂರಿನ ಅಂಗಡಿಗೆ ಕೊಟ್ಟೆ. ಇಂಥ ಪ್ರಿಂಟಿನ ಕೆಳಗೆ ಎಷ್ಟರಲ್ಲಿ ಇದು ಎಷ್ಟನೆಯದು ಅಂತ ಕಲಾವಿದೆ ಪೆನ್ಸಿಲ್‌ನಲ್ಲಿ ಬರೆದು ಸಹಿ ಹಾಕಿರಬೇಕು. ಬೆಲೆ ಇರುವುದೇ ಅದಕ್ಕೆ. ತರಲು ಹೋದರೆ ಸಹಿಯೂ ಇಲ್ಲ, ನಂಬರೂ ಇಲ್ಲ.

ಅಂಗಡಿಯವನು ಹೆಮ್ಮೆಯಿಂದ ಹೇಳಿದ: "ಮೂಲೇಲಿ ಯಾರೋ ಗೀಚಿಬಿಟ್ಟಿದ್ರು ಮೇಡಂ. ರಬ್ಬರ್ ಹಾಕಿ ನೀಟಾಗಿ ಅಳಿಸಿದೀನಿ. ಅದಕ್ಕೆ ಚಾರ್ಜ್ ಏನೂ ಇಲ್ಲ."

ಅವನ ಕಿವಿ ಮೇಲಿದ್ದ ಪೆನ್ಸಿಲ್ ಎಳೆದುಕೊಂಡು, ಗಾಜು ತೆಗೆಸಿ, ಅಲ್ಲೇ ಮತ್ತೆ ಸಹಿ ಹಾಕಿದೆ. ಅವನ ಮುಖ ಬಾಡಿತು. "ಮತ್ತೆ ಗಲೀಜು ಮಾಡಿದ್ರಲ್ಲ ಮೇಡಂ!"

೩. ರೇಟು

ಆ ಮೊದಲ ಪ್ರತಿಯನ್ನು ಕೊಂಡವರು ವಸ್ತಾರೆ ಕಡೆಯ ಒಬ್ಬ ಪ್ಲಾಂಟರು. ಇಪ್ಪತ್ತಾದ ಮೇಲೆ ಅಚ್ಚನ್ನೇ ತೊಳೆದು ಅಳಿಸಿಬಿಟ್ಟೆ ಅಂದಾಗ ಹೌಹಾರಿದರು. "ಫಸಲು ಬಿಡೋ ಗಿಡಾನ ಯಾರಾದ್ರೂ ಬೇರು ಸಮೇತ ಕೀಳ್ತಾರೇನಮ್ಮ?"

"ಇನ್ನು ಬರಲ್ಲ ಅಂತ ಗೊತ್ತಾದ್ರೆ ತಾನೆ ಸರ್, ಬೆಲೆ ಏರೋದು?"

ಅವರ ಕಣ್ಣು ಹೊಳೆಯಿತು. ಅವತ್ತಿನಿಂದ ಬೆಳಿಗ್ಗೆ ಕಾಫಿ ರೇಟು ಕೇಳಿದ ಕೈಯಲ್ಲೇ ನನಗೂ ಫೋನು: "ಇಂಬಳ ಇವತ್ತು ಹೇಗಿದೆಯಮ್ಮ?" ಅವರು ಸುತ್ತಲಿನ ತೋಟದವರಿಗೂ ಹೇಳಿದರು. ಒಬ್ಬರ ಹಿಂದೆ ಒಬ್ಬರು ಬಂದು ಹತ್ತೊಂಬತ್ತೂ ಖಾಲಿ!

ನನ್ನ ಚಿತ್ರ ಗೋಡೆಯ ಮೇಲೆ ಹೇಗೆ ಕಾಣುತ್ತದೋ ನೋಡೋಣ ಎಂದು ಒಂದು ದಿನ ಆ ಪ್ಲಾಂಟರ ಮನೆಗೇ ಹೋದೆ. ಯಾವ ಗೋಡೆಯಲ್ಲೂ ಇಲ್ಲ.

"ಗೋಡೆಗ್ಯಾಕಮ್ಮ? ಗೋಣಿಯಲ್ಲಿ ಸುತ್ತಿ ಗೋಡೌನಲ್ಲಿಟ್ಟಿದೀನಿ. ಎಲ್ಲರೂ ಹಾಗೇ ಇಟ್ಕೊಂಡಿದಾರೆ. ರೇಟು ಬರ್ಲಿ, ಮಾರ್ಕೆಟ್ಟಿಗೆ ಬಿಡೋಣ."

೪. ಇಪ್ಪತ್ತನೆಯದು

ಷರತ್ತು ಗೆದ್ದರೂ ಮೊಳೆ ಮಾತ್ರ ಬೀಳಲಿಲ್ಲ. ಅತ್ತೆಯದು ದಿನಕ್ಕೊಂದು ನೆಪ: ಒಂದು ದಿನ "ಇವತ್ತು ಮಂಗಳವಾರ", ಮರುದಿನ "ಸುತ್ತಿಗೆ ಕಾಣ್ತಿಲ್ಲ".

ಅಷ್ಟರಲ್ಲಿ ಅತ್ತಿಗುಂಡಿಯ ಹೋಂಸ್ಟೇಗೆ ಬಂದಿದ್ದ ಬೆಂಗಳೂರಿನವರೊಬ್ಬರು ವಿಷಯ ತಿಳಿದು ಮನೆಗೇ ಬಂದರು. ಕಲಾಕೃತಿ ಸಂಗ್ರಹಿಸುವ ಹವ್ಯಾಸವಂತೆ. "ಕೊನೇ ಪ್ರತೀನಾ? ಎರಡರಷ್ಟು ಕೊಡ್ತೀನಿ," ಅಂದರು. ನಾನು ಗೋಡೆ ನೋಡಿದೆ. "ಸರಿ, ಮೂರರಷ್ಟು." ಈಗ ನಾನು ಗೋಡೆ ನೋಡುವುದನ್ನು ನಿಲ್ಲಿಸಿದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಾಫಿ ಲೋಟ ತಂದು ಅವರ ಮುಂದಿಟ್ಟರು.

"ಅದು ಕೊಡೋದಲ್ಲಪ್ಪ. ಮಾರೋದೆಲ್ಲ ಮಾರಿ ಆಯ್ತು. ಇದು ಮನೆ ಖರ್ಚಿಗೆ ಇಟ್ಕೊಂಡಿದ್ದು."

ಪ್ರತಿ ವರ್ಷ ಎಷ್ಟೇ ರೇಟು ಬಂದರೂ ಮನೆಯ ಕಾಫಿಪುಡಿಗೆಂದು ಒಂದು ಮೂಟೆ ತೆಗೆದಿಡುತ್ತಾರಲ್ಲ, ಅದೇ ದನಿ. ಬಂದವರು ಕಾಫಿ ಕುಡಿದು ಹೊರಟರು.

ಸುತ್ತಿಗೆ ತಾನಾಗಿ ಸಿಕ್ಕಿತು. ಅತ್ತೆಯೇ ಕ್ಯಾಲೆಂಡರ್ ಇಳಿಸಿ ಅಡುಗೆಮನೆಗೆ ಸಾಗಿಸಿ, ಅದೇ ಜಾಗಕ್ಕೆ ಹೊಸ ಮೊಳೆ ಹೊಡೆದರು. ಚಿತ್ರ ನೇತುಹಾಕಿ ನಾನು ಗೆದ್ದ ಖುಷಿಯಲ್ಲಿ ಹಿಂದೆ ಸರಿದು ನಿಂತೆ. ಅವರೂ ಸರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆ ಓರೆ ಮಾಡಿ ನೋಡಿದರು.

"ಚೆಂದ ಕಾಣ್ತದೆ. ಆದ್ರೆ ಇನ್ನೊಂದು ಗೇಣು ಮೇಲೆ ಹಾಕು ಮಾರಾಯ್ತಿ. ಕಾಲಿಗೆ ಹತ್ತಬಾರದು."