ಹಿಂದಿನ ಬೆಂಚಿನವರಿಗೂ ತಿಳೀತ್ರಿ ಸರ್

ತಮಾಷೆ ನಡೆಯಬೇಕಾದರೆ ನಾಲ್ಕು ಜನ ಸೇರಿರಬೇಕು ಅನ್ನುತ್ತಾರೆ. ಪಿಯುಸಿಯ ಎರಡು ವರ್ಷ ಕ್ಲಾಸಿನಲ್ಲಿ ನಾನು ಒಬ್ಬಳೇ ಇದ್ದೆ, ಆದರೂ ಏನಾದರೊಂದು ನಡೆಯುತ್ತಲೇ ಇತ್ತು. ಹೇಳಿಕೊಂಡು ನಗೋಣವೆಂದರೆ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ, ಅಷ್ಟೆ. ಅದಕ್ಕೇ ಈಗ ಹೇಳುತ್ತಿದ್ದೇನೆ.

ನಮ್ಮೂರು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿದೆ. ನಮ್ಮೂರಿನ ಸರಕಾರಿ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದವರು ನಾವು ಮೂವರು ಹುಡುಗಿಯರಷ್ಟೆ. ತಿಂಗಳು ತುಂಬುವುದರೊಳಗೆ ಇಬ್ಬರು ಸಿಂಧನೂರಿನ ಕೋಚಿಂಗ್ ಇರುವ ಕಾಲೇಜಿಗೆ ಹೋದರು. ನನ್ನನ್ನು ಅಲ್ಲಿಗೆ ಕಳಿಸುವ ಶಕ್ತಿ ನಮ್ಮ ಮನೆಗೆ ಇರಲಿಲ್ಲ. ಆದರೆ ನನಗೆ ಡಾಕ್ಟರ್ ಸೀಟು ಬೇಕೇ ಬೇಕಿತ್ತು. ಹೀಗೆ ವಿಜ್ಞಾನ ವಿಭಾಗ ಎಂದರೆ ನಾನು, ನಾನು ಎಂದರೆ ವಿಜ್ಞಾನ ವಿಭಾಗ ಎಂದಾಯಿತು.

೧. ಗದ್ದಲ ಬ್ಯಾಡ

ಭೌತಶಾಸ್ತ್ರದ ಸರ್ ಬಹಳ ಶಿಸ್ತಿನವರು. ಒಳಗೆ ಬರುತ್ತಲೇ ಡಸ್ಟರಿನಿಂದ ಮೇಜು ಕುಟ್ಟಿ "ಗದ್ದಲ ಬ್ಯಾಡ" ಅನ್ನುತ್ತಿದ್ದರು. ಗದ್ದಲ ಮಾಡಲು ನನಗೆ ಯಾರಾದರೂ ಬೇಕಲ್ಲ? ಆಮೇಲೆ ಹಾಜರಿ. ಪಾಠ ಮುಗಿದ ಮೇಲೆ ಖಾಲಿ ಬೆಂಚುಗಳ ಮೇಲೆಲ್ಲ ಕಣ್ಣಾಡಿಸಿ ಕೇಳುವರು:

"ಎಲ್ಲರಿಗೂ ತಿಳೀತೇನು?"

"ಎಲ್ಲರಿಗೂ ತಿಳೀತ್ರಿ ಸರ್."

"ಹಿಂದಿನ ಬೆಂಚಿನವರಿಗೆ?"

ನಾನು ಹಿಂದೆ ತಿರುಗಿ ನೋಡಿ "ಅವರಿಗೂ ತಿಳೀತ್ರಿ ಸರ್" ಅನ್ನಬೇಕು. ಅವರ ಮುಖದಲ್ಲಿ ನಗು ಕಾಣುತ್ತಿರಲಿಲ್ಲ. ಇದು ತಮಾಷೆಯೋ ರೂಢಿಯೋ ನನಗೆ ಗೊತ್ತಾಗಲೇ ಇಲ್ಲ.

ಒಂದು ದಿನ ಏನೂ ತಲೆಗೆ ಹತ್ತಲಿಲ್ಲ. "ನನಗ ತಿಳೀಲಿಲ್ರಿ ಸರ್" ಅಂದೆ. ಸರ್ ಕುರ್ಚಿಯ ಮೇಲೆ ಕುಸಿದು ಕೂತರು.

"ಇಡೀ ಕ್ಲಾಸಿಗೇ ತಿಳದಿಲ್ಲ ಅಂದ್ರ, ತಪ್ಪು ನಂದೇ ಇರಬೇಕವಾ" ಎಂದು ಎದ್ದು, ಬೋರ್ಡು ಪೂರ್ತಿ ಒರೆಸಿ, ಮೊದಲಿನಿಂದ ಶುರು ಮಾಡಿದರು.

೨. ಅನ್ಯಾಯ

ರಸಾಯನಶಾಸ್ತ್ರದ ಸರ್‌ಗೆ ಲಿಂಗಸುಗೂರಿನ ಕಾಲೇಜಿನ ಜೊತೆಗೆ ನಮ್ಮದೂ ಹೆಚ್ಚುವರಿಯಾಗಿ ಗಂಟು ಬಿದ್ದಿತ್ತು. ಮನೆ ಸಿಂಧನೂರಿನಲ್ಲಿ. ನಮ್ಮ ಪಾಠಕ್ಕೆ ಹೊತ್ತೇ ಉಳಿಯುತ್ತಿರಲಿಲ್ಲ. ಕೊನೆಗೆ ಅವರೇ ದಾರಿ ಕಂಡುಕೊಂಡರು: "ಹೆಂಗೂ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಐತಿ. ನನ್ನ ಕೂಡ ಸಿಂಧನೂರು ಮಟ ಬಾ, ದಾರ್ಯಾಗ ಪಾಠ ಮಾಡ್ತೀನಿ. ವಾಪಸ್ ಬಸ್ಸಿಗೆ ಹತ್ತಿಸ್ತೀನಿ."

ಬಸ್ಸಿನ ಸದ್ದಿಗೆ ಸರ್ ಕೂಗಿ ಕೂಗಿ ಹೇಳಬೇಕು. ಒಂದು ಸಂಜೆ ಉಪ್ಪು ಹೇಗೆ ಆಗುತ್ತದೆ ಎಂಬ ಪಾಠ. "ಸೋಡಿಯಂ ಕಡೆ ಹೊರಗಿನ ಸುತ್ತಿನ್ಯಾಗ ಒಂದೇ ಒಂದು ಎಲೆಕ್ಟ್ರಾನ್ ಐತಿ. ಕ್ಲೋರಿನ್ ಕಡೆ ಏಳು ಅದಾವ. ಸೋಡಿಯಂ ತನ್ನ ಒಂದನ್ನೂ ಕ್ಲೋರಿನ್ನಿಗೆ ಕೊಟ್ಟುಬಿಡ್ತೈತಿ."

ಮುಂದಿನ ಸೀಟಿನ ಮುದುಕಿ ತಿರುಗಿ ಕೂತಳು. "ಏಳು ಇದ್ದಾಂವಗ ಒಂದೇ ಇದ್ದಾಂವ ಯಾಕ ಕೊಡಬೇಕ್ರಿ ಮಾಸ್ತರ?"

"ಕೊಟ್ಟರೇ ಅವಗ ಸಮಾಧಾನ, ಯಮ್ಮಾ."

"ಹಿಂಗ ಹೇಳೇ ನಮ್ಮ ಭಾವ ನಮ್ಮ ಕಾಲುವಿ ಹೊಲ ಹೊಡಕೊಂಡ!"

ಕಂಡಕ್ಟರು ಮುದುಕಿಯ ಕಡೆ ಆದ. ಹಿಂದಿನ ಸೀಟಿನವರು ಸೋಡಿಯಂ ಕೋರ್ಟಿಗೆ ಹೋಗಬೇಕಿತ್ತು ಅಂದರು. ಮುದುಕಿ ಇಳಿಯುವಾಗ ನನ್ನ ಭುಜ ಹಿಡಿದು, "ಪರೀಕ್ಷಿಯೊಳಗ ಇದನ್ನ ಕೇಳಿದ್ರ ಅನ್ಯಾಯ ಅಂತ ಬರಿ ಬೇ, ಹೆದರಬ್ಯಾಡ" ಎಂದಳು.

ಪರೀಕ್ಷೆಯಲ್ಲಿ ಅದನ್ನೇ ಕೇಳಿದರು. ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ಅನ್ಯಾಯ ಎಂಬುದು ಇರಲಿಲ್ಲ.

೩. ಹೆಸರು

ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನನ್ನ ಹಳೆಯ ಗೆಳತಿಯರಿಬ್ಬರೂ ಸಿಕ್ಕರು. "ನಮ್ಮ ಕ್ಲಾಸಿನ್ಯಾಗ ಎಷ್ಟು ಮಂದಿ ಅದಾರ ಅಂದ್ರ, ಸರ್‌ಗೆ ನಮ್ಮ ಹೆಸರೇ ಗೊತ್ತಿಲ್ಲ" ಅಂದಳು ಒಬ್ಬಳು.

"ನಮ್ಮ ಸರ್‌ಗೆ ನನ್ನ ಹೆಸರು ಬಿಟ್ರ ಬ್ಯಾರೆ ಹೆಸರೇ ಗೊತ್ತಿಲ್ಲ" ಅಂದೆ.

ಮೂವರೂ ನಕ್ಕೆವು. ಅಷ್ಟರಲ್ಲಿ ಅವರ ಹೊಸ ಗೆಳತಿಯರು ಕರೆದರು, ಇಬ್ಬರೂ ಹೋದರು. ನಾನು ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಭತ್ತದ ಗದ್ದೆ ನೋಡುತ್ತ ಬಂದೆ. ಯಾರಿಗೂ ನನ್ನ ಹೆಸರು ಗೊತ್ತಿಲ್ಲದಷ್ಟು ದೊಡ್ಡ ಕ್ಲಾಸಿನಲ್ಲಿ ಒಂದು ದಿನವಾದರೂ ಕೂರಬೇಕು ಅನ್ನಿಸಿ ಅಳು ಬಂತು. ಅದೇ ಕಂಡಕ್ಟರು ನೋಡಿ, "ಯಾಕ ತಂಗಿ, ಇವತ್ತೂ ಸೋಡಿಯಂಗ ಮೋಸ ಆತೇನು?" ಅಂದ.

೪. ಗ್ರೂಪ್ ಫೋಟೊ

ವರ್ಷದ ಕೊನೆಗೆ ಮಸ್ಕಿಯಿಂದ ಫೋಟೊದವನು ಬಂದ. ವಿಜ್ಞಾನ ವಿಭಾಗದ ಸರದಿಯಲ್ಲಿ ಸರ್‌ಗಳು ಕುರ್ಚಿಯಲ್ಲಿ ಕೂತರು, ಹಿಂದಿನ ಬೆಂಚಿನ ಮೇಲೆ ನಾನು ನಿಂತೆ. "ಒಬ್ಬರಿಗೊಬ್ಬರು ಹತ್ತಿಕೊಂಡು ನಿಲ್ರಿ" ಎಂದು ಅವನು ರೂಢಿಯಂತೆ ಕೂಗಿ, ಆಮೇಲೆ ನನ್ನನ್ನು ನೋಡಿ ಪಾಪ ತಾನೇ ನಾಚಿಕೊಂಡ.

ನಮ್ಮವ್ವ ಆ ಫೋಟೊ ಹಿಡಿದು ಓಣಿಯೆಲ್ಲ ತಿರುಗಿದಳು. "ನಮ್ಮಾಕಿ ಕ್ಲಾಸಿಗೇ ಫಸ್ಟು!"

ಪಕ್ಕದ ಮನೆಯಾಕೆ ಕೇಳಿದಳು: "ಹಂಗಾರ ಲಾಸ್ಟ್ ಬಂದಾಕಿ ಯಾರವಾ?"

ಅವ್ವ ಸ್ವಲ್ಪವೂ ತಡವರಿಸಲಿಲ್ಲ. "ಅದನ್ನ ನಾವ್ಯಾಕ ಹೇಳೂಣು? ಅವರ ಮನಿ ಮರ್ಯಾದಿ ಅವರಿಗೆ."

೫. ಎಲ್ಲರಿಗೂ

ಮೊದಲ ಸಲ ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಮನೆಯಲ್ಲೇ ಕೂತು ಇನ್ನೊಂದು ವರ್ಷ ಓದಿದೆ. ಆ ವರ್ಷ ಹಾಜರಿ ಕರೆಯುವವರೂ ಇರಲಿಲ್ಲ. ಎರಡನೇ ಸಲ ಸಿಕ್ಕಿತು.

ಮೆಡಿಕಲ್ ಕಾಲೇಜಿನ ಮೊದಲ ಪಾಠ. ಮೆಟ್ಟಿಲು ಮೆಟ್ಟಿಲಾಗಿ ಏರಿದ ದೊಡ್ಡ ಹಾಲ್, ತುಂಬ ಹುಡುಗ ಹುಡುಗಿಯರು. ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಮೇಡಂ ಪಾಠ ಮುಗಿಸಿ, ಎಲ್ಲರಿಗೂ ತಿಳಿಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡದೆ ಕೂತು ನನಗೆ ಅಭ್ಯಾಸವೇ ಇಲ್ಲ. ಎದ್ದು ನಿಂತೆ. ತಿರುಗಿ ಹಿಂದೆ ನೋಡಿದೆ. ಗಟ್ಟಿಯಾಗಿ ಹೇಳಿಯೇಬಿಟ್ಟೆ:

"ಎಲ್ಲರಿಗೂ ತಿಳೀತ್ರಿ ಮೇಡಂ. ಹಿಂದಿನ ಬೆಂಚಿನವರಿಗೂ."

ಇಡೀ ಹಾಲೇ ಹೋ ಎಂದು ನಕ್ಕಿತು. ಹಿಂದಿನಿಂದ ಯಾರೋ "ನಮಗೇನೂ ತಿಳಿದಿಲ್ಲ ಮೇಡಂ!" ಎಂದು ಕೂಗಿದರು. ಮೇಡಂ ಮೇಜು ಹಿಡಿದುಕೊಂಡು ನಕ್ಕರು. ನನಗೆ ನಾಚಿಕೆಯಿಂದ ಮುಖ ಸುಡುತ್ತಿತ್ತು. ಪಕ್ಕದ ಹುಡುಗಿ ಕೈಹಿಡಿದು ಕೂರಿಸಿಕೊಂಡಳು. ಆಕೆಗೆ ನಗು ತಡೆಯಲಾಗುತ್ತಿರಲಿಲ್ಲ, ಕೈಯನ್ನೂ ಬಿಡಲಿಲ್ಲ. "ನಿನ್ನ ಹೆಸರೇನು?" ಎಂದು ಕೇಳಿದಳು.

ಸಂಜೆ ಭೌತಶಾಸ್ತ್ರದ ಸರ್‌ಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದರು:

"ಎಲ್ಲರೂ ನಕ್ಕರೇನು?"

"ಎಲ್ಲರೂ ನಕ್ಕರ್ರಿ ಸರ್."

"ಹಿಂದಿನ ಬೆಂಚಿನವರು?"

"ಅವರೂ ನಕ್ಕರ್ರಿ ಸರ್. ಈ ಸಲ ಖರೇನೇ ಇದ್ರು."