ಟೇಲ್ ಎಂಡಿಗೆ ವೈಫೈ ಬಿಟ್ಟ ಸತ್ತೆಪ್ಪ

ಕೂಡು ತಂಗೀ, ಕೂಡು. ಮುಂಬಾಗಿಲಿನಿಂದ ಬಂದೆಯೋ, ಹಿತ್ತಲಿನಿಂದಲೋ? ಮುಂಬಾಗಿಲಿನಿಂದಲಾ? ಒಳ್ಳೆಯದಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಸತ್ತೆಪ್ಪನ ಕಥೆ ಕೇಳು. ಇವತ್ತು ಬೆಳಿಗ್ಗೆ ಈ ಮನೆಯಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತು!

ಸತ್ತೆಪ್ಪ ಅಂದರೆ ನನ್ನ ಬೆನ್ನಿಗೆ ಬಿದ್ದ ತಮ್ಮ. ಮೂಡಲಗಿ ಕಡೆಯ ಕಾಲುವೆಯಲ್ಲಿ ಗೇಟು ಎತ್ತುವ, ಇಳಿಸುವ ಕೆಲಸ ಮಾಡಿ ನಿವೃತ್ತನಾದವನು. ನೌಕರಿ ಅವನನ್ನು ಬಿಟ್ಟಿತು, ಅವನು ನೌಕರಿ ಬಿಡಲಿಲ್ಲ. ಮದುವೆ ಊಟಕ್ಕೆ ಕೂತರೂ ಸಾರು ಬಡಿಸುವವನಿಗೆ, "ಏ ತಮ್ಮಾ, ಮೊದಲ ಕೊನೀ ಸಾಲಿಗೆ ಬಿಡೋ! ಟೇಲ್ ಎಂಡಿನವರು ಒಣಗಾಕತ್ತಾರ!" ಎಂದು ಕೂಗುತ್ತಾನೆ. ಕಾಲುವೆಯ ಕಟ್ಟಕಡೆಯ ಹೊಲಕ್ಕೆ ಅವರ ಆಫೀಸಿನವರು ಟೇಲ್ ಎಂಡ್ ಅನ್ನುತ್ತಾರಂತೆ. ಅಲ್ಲಿಗೆ ನೀರು ಮುಟ್ಟುವುದೇ ಅಪರೂಪ.

ನಮ್ಮ ಮನೆಯ ಟೇಲ್ ಎಂಡ್ ಯಾವುದು ಗೊತ್ತೇನು? ಮಯೂರಿಯ ಕೋಣೆ. ಮಯೂರಿ ಸತ್ತೆಪ್ಪನ ಮೊಮ್ಮಗಳು, ಬೀಜ ಪರೀಕ್ಷೆ ಮಾಡುವ ಓದು ಓದಿದ್ದಾಳೆ. ವೈಫೈ ಡಬ್ಬಿ ಇರುವುದು ಪಡಸಾಲೆಯಲ್ಲಿ, ಅವಳ ಕೋಣೆ ಹಿಂದೆ ಕುರಿ ಕೂಡುವ ದಡ್ಡಿಯ ಪಕ್ಕದಲ್ಲಿ. ಹುಬ್ಬಳ್ಳಿಯ ಬೀಜ ಪರೀಕ್ಷೆಯ ಕಂಪನಿಯವರು ಕಂಪ್ಯೂಟರಿನಲ್ಲೇ ಸಂದರ್ಶನಕ್ಕೆ ಕರೆದಿದ್ದರು. ಕೆಲಸ ಇಲ್ಲೇ ಬೆಲ್ಲದ ಬಾಗೇವಾಡಿಯಲ್ಲಿ, ಸ್ಕೂಟಿಯ ಮೇಲೆ ಹೋಗಿ ಬರಬಹುದು. ಹುಡುಗಿ ಚಂದಾಗಿ ಉತ್ತರ ಹೇಳುತ್ತಿದ್ದಾಗ ನೆಟ್ ನಿಂತುಬಿಟ್ಟಿತು! ಅವರಿಗೆ ಕಂಡದ್ದೇನು? ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು ಕೂತ ಮಯೂರಿ! ಆಕಳಿಸುತ್ತಿದ್ದಾಳೆ ಎಂದುಕೊಂಡರಂತೆ ಪುಣ್ಯಾತ್ಮರು. "ಇನ್ನೊಂದೇ ಅವಕಾಶ. ಮತ್ತೆ ಹೀಗಾದರೆ ಕರೆಯುವುದಿಲ್ಲ" ಎಂದು ತಿಳಿಸಿದರು. ಅವತ್ತಿನಿಂದ ಹುಡುಗಿ ನೆಟ್ಟಗೆ ಒಂದು ರೊಟ್ಟಿ ತಿಂದಿರಲಿಲ್ಲ. ನೆಟ್ ನೆಟ್ಟಗಿದ್ದರಲ್ಲವೇ ಊಟ ನೆಟ್ಟಗಿರುವುದು!

ಅದನ್ನು ನೋಡಿ ಸತ್ತೆಪ್ಪ ತಲೆಗೆ ಪಟಕಾ ಸುತ್ತಿಕೊಂಡು ಎದ್ದು ನಿಂತ. "ಡ್ಯಾಮಿನ ನೀರ ಕೊನೀ ಹೊಲಕ್ಕ ಮುಟ್ಟಿಸಿದಾಂವ ನಾ. ಈ ಅಂಗೈ ಅಗಲದ ಡಬ್ಬಿ ನನಗ ಯಾವ ಲೆಕ್ಕ!"

ಹೆಂಡತಿ ಉದ್ದವ್ವ, "ನೀವೊಂದ ಅದಕ್ಕ ಕೈ ಹಚ್ಚಬ್ಯಾಡ್ರಿ" ಎಂದಳು. ಅವನು ಆಗಲೇ ಹುಕ್ಕೇರಿಯ ವೈಫೈ ಹುಡುಗನಿಗೆ ಫೋನು ಹಚ್ಚಿದ್ದ.

"ಅಜ್ಜಾರ, ಎಲ್ಲಾ ಮೊಬೈಲೂ ಒಮ್ಮೆಲೆ ಬಾಯಿ ಮಾಡಾಕತ್ತಾವ್ರಿ. ಡಬ್ಬಿ ಪಾಳಿ ಪ್ರಕಾರ ಒಬ್ಬೊಬ್ಬರದ ಕೇಳಬೇಕಲ್ರಿ? ಬ್ಯಾಡಾದ್ದು ಬಂದ್ ಮಾಡ್ರಿ, ಬೇಕಾದ್ದು ಓಡತೈತಿ" ಎಂದ ಆ ಹುಡುಗ.

ಪಾಳಿ! ಕಾಲುವೆಯಲ್ಲಿ ಸರದಿಯಂತೆ ನೀರು ಬಿಡುವುದಕ್ಕೂ ಅದೇ ಮಾತು. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಸತ್ತೆಪ್ಪನಿಗೆ ಹರೆಯ ಬಂತು. ಕಾಲುವೆಯ ಕಾಲದ ಸೀಟಿ ಪೆಟ್ಟಿಗೆಯಿಂದ ಹೊರಗೆ ಬಂತು. ಸೀಟಿ ಊದಿದರೆ ಒಬ್ಬರ ಪಾಳಿ ಮುಗಿದು ಇನ್ನೊಬ್ಬರದು ಶುರು! ಸೊಸೆ ವಿದ್ಯಾ ಮೊಬೈಲ್ ನೋಡಿ ಹೊಸ ಪಲ್ಯ ಮಾಡುತ್ತಿದ್ದಳು. ಉಪ್ಪು ಎಷ್ಟು ಅಂತ ಹೇಳುವ ಹೊತ್ತಿಗೆ ಸೀಟಿ! ಅವತ್ತು ನಾವು ತಿಂದದ್ದನ್ನು ನಿನ್ನ ವೈರಿಗೂ ಬಡಿಸಬೇಡ. ಮಗ ಅಶೋಕ ಕ್ರಿಕೆಟ್ ನೋಡುತ್ತಿದ್ದ.

"ಅಪ್ಪಾ, ಒಂದ ಬಾಲ್ ಉಳದೈತಿ!"

"ಪಾಳಿ ಅಂದ್ರ ಪಾಳಿ! ಇಳಸ ಗೇಟ್!"

ಅಷ್ಟರಲ್ಲಿ ಪಕ್ಕದ ಮನೆಯ ದಾಕ್ಷಾಯಿಣಿ ಗೋಡೆಯ ಮೇಲಿಂದ ಇಣುಕಿದಳು. "ಕಾಕಾರ, ನಮ್ಮ ಪಾಳಿ ಯಾವಾಗ್ರಿ?"

"ನಿಮ್ಮ ಪಾಳಿ? ನಿಮ್ಮದ್ಯಾವ ಪಾಳಿ?"

"ಮೊದಲಿಂದ ನಾವೂ ನಿಮ್ಮ ವೈಫೈನ ಬಳಸಾಕತ್ತೇವಲ್ರಿ!"

"ಆಹಾ! ಕಾಲುವಿಗೆ ಕಳ್ಳ ಪೈಪ್ ಹಾಕೀ ಏನವಾ!" ಎಂದು ಸತ್ತೆಪ್ಪ ಕುಣಿದಾಡಿದ. ಪಾಳಿ ಹಚ್ಚಿ ಹಚ್ಚಿ ಮನೆ ಪಾಳು ಬೀಳುವುದೊಂದು ಬಾಕಿ ಇತ್ತು ತಂಗೀ!

ಇವತ್ತು ಬೆಳಿಗ್ಗೆ ಸಂದರ್ಶನ. ಸತ್ತೆಪ್ಪ ಎಲ್ಲರ ಮೊಬೈಲುಗಳನ್ನು ಬಂದ್ ಮಾಡಿಸಿ, ರೊಟ್ಟಿ ಬುಟ್ಟಿಯಲ್ಲಿ ಹಾಕಿ, ಬುಟ್ಟಿಯನ್ನೇ ಟ್ರಂಕಿನಲ್ಲಿಟ್ಟು ಕೀಲಿ ಜಡಿದ. ಕೀಲಿ ಸೊಂಟಕ್ಕೆ. ಟಿವಿಯ ವಯರು ಕಿತ್ತ. ಮಿಕ್ಸರಿನದೂ ಕಿತ್ತ!

"ಮಿಕ್ಸರಿಗೂ ವೈಫೈ ಬರತೈತೇನ್ರಿ?" ಎಂದಳು ಉದ್ದವ್ವ.

"ಈಗಿನ ಕಾಲದಾಗ ಯಾರನ್ನೂ ನಂಬೂಹಂಗಿಲ್ಲ!"

"ಮತ್ತ ನಿಮ್ಮ ಮೊಬೈಲ್?"

"ನಾ ಅಧಿಕಾರಿ!" ಎಂದು ಜೇಬು ತಟ್ಟಿಕೊಂಡು, ಬಡಿಗೆ ಹಿಡಿದು ಹಿತ್ತಲಿನ ಕಾವಲಿಗೆ ಹೊರಟ.

ಒಳಗೆ ಮಯೂರಿ ಶುರು ಮಾಡಿದಳು. ನೆಟ್ ಕನ್ನಡಿಯ ಹಾಗೆ ನಿಚ್ಚಳ! ನಾನು, ಉದ್ದವ್ವ, ವಿದ್ಯಾ ಬಾಗಿಲಿಗೆ ಕಿವಿ ಹಚ್ಚಿ ಕೂತಿದ್ದೆವು. ಎರಡು ಪ್ರಶ್ನೆ ದಾಟಿತು. ಆಮೇಲೆ ಕೇಳಿಸಿತು ನೋಡು, "ಸರ್... ಸರ್, ನನ್ನ ಧ್ವನಿ ಕೇಳಿಸ್ತಿದೆಯಾ ಸರ್?"

ವಿದ್ಯಾ ಹಿತ್ತಲ ಬಾಗಿಲಿಗೆ ಓಡಿದಳು. "ಮಾವಾರ, ನೆಟ್ ಬರೇ ಸುತ್ತಾಕತ್ತೈತಿ!"

"ಯಾಂವ ಎತ್ತಿದ ಗೇಟು!" ಎಂದು ಸತ್ತೆಪ್ಪ ದಡ್ಡಿಯ ಸುತ್ತ ಓಡಿದ. ಗೋಡೆಯ ಹತ್ತಿರ ಹೋದ. ದಾಕ್ಷಾಯಿಣಿ ಸತ್ತ ಮೊಬೈಲನ್ನು ಮೇಲೆತ್ತಿ ತೋರಿಸಿದಳು. "ನಮ್ಮವ್ವನ ಆಣಿ ಕಾಕಾರ, ಬಂದ್ ಐತ್ರಿ!" ಅವನು ಮತ್ತೆ ಓಡಿದ. ವಿಚಿತ್ರ ಕೇಳು. ಅವನು ಏದುಸಿರು ಬಿಡುತ್ತ ನಿಂತರೆ ಒಳಗೆ ಮಯೂರಿಯ ಮಾತು ಹರಿಯುತ್ತದೆ. ಕಳ್ಳನನ್ನು ಹುಡುಕಲು ಓಡಿದರೆ ಕತ್ತರಿಸುತ್ತದೆ! ಕಂಪ್ಯೂಟರಿನಿಂದ ಗಂಡು ಧ್ವನಿಯೊಂದು ಬಂತು. "ಸ್ವಲ್ಪ ನೋಡುತ್ತೇವೆ, ಸರಿಯಾಗದಿದ್ದರೆ ಇಲ್ಲಿಗೇ ನಿಲ್ಲಿಸಬೇಕಾಗುತ್ತದೆ." ಉದ್ದವ್ವ ನನ್ನ ಕೈ ಹಿಡಿದದ್ದು, ನೋಡು, ಬಳೆಯ ಗುರುತು ಇನ್ನೂ ಇದೆ.

ಅದೇ ಹೊತ್ತಿಗೆ ಸತ್ತೆಪ್ಪನ ಜೇಬಿನಲ್ಲಿ ಟಣ್, ಟಣ್, ಟಣ್! ಹೋದ ವರ್ಷ ಒಂದು ಮರಿ ಕಳುವಾದಾಗ ಅವನು ಗೋಕಾಕಿನಿಂದ ಬಿಸಿಲಿನ ಕರೆಂಟಿನಲ್ಲಿ ನಡೆಯುವ ಕ್ಯಾಮೆರಾ ತಂದು ಬೇವಿನ ಮರಕ್ಕೆ ಕಟ್ಟಿಸಿದ್ದ. ದಡ್ಡಿಯ ಹತ್ತಿರ ಏನಾದರೂ ಅಲುಗಾಡಿದರೆ ಅವನ ಮೊಬೈಲಿಗೆ ಚಿತ್ರ ಕಳಿಸುತ್ತದೆ. ಸತ್ತೆಪ್ಪ ತೆರೆದು ನೋಡಿದ. ಬೆನ್ನು ಕಾಣುತ್ತಿತ್ತು. ಪಟಕಾ ಸುತ್ತಿದ ಒಬ್ಬ ಮನುಷ್ಯ, ಕೈಯಲ್ಲಿ ಬಡಿಗೆ, ದಡ್ಡಿಯ ಸುತ್ತ ಓಟ!

"ಸಿಕ್ಕ ಕಳ್ಳ! ಏ ಉದ್ದವ್ವಾ, ನೋಡ ಇವನ!"

ಉದ್ದವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಈ ಪಟಕಾ ನಿನ್ನೆ ನಾನ ಒಗದ ಹಾಕೇನ್ರಿ."

"ನನ್ನ ಪಟಕಾನೂ ಕದ್ದಾನೇನು!" ಎಂದು ಸತ್ತೆಪ್ಪ ತಲೆ ಮುಟ್ಟಿ ನೋಡಿಕೊಂಡ. ಪಟಕಾ ತಲೆಯ ಮೇಲೇ ಇತ್ತು.

ವಿದ್ಯಾಳಿಗೆ ಹೊಳೆಯಿತು. "ಮಾವಾರ, ನೀವು ಓಡಿದಷ್ಟೂ ಕ್ಯಾಮೆರಾ ಕಳಸತೈತ್ರಿ! ಇಡೀ ವೈಫೈ ನಿಮ್ಮ ಮೆರವಣಿಗಿಗೇ ಹೋಗಾಕತ್ತೈತಿ!"

"ತಗೀತೇನಿ ಅದನ್ನ! ಏಣಿ ತರ್ರಿ!"

"ಏಣಿ ಹತ್ತಿದ್ರ ಅದನ್ನೂ ಕಳಸತೈತಿ! ಇದ್ದಲ್ಲೇ ಕೂಡ್ರಿ!" ಎಂದು ಉದ್ದವ್ವ ಬೆರಳು ತೋರಿಸಿದಳು. "ನಾ ಬಂದ ಹೇಳೂತನಕ ಅಳ್ಳಾಡಬ್ಯಾಡ್ರಿ!"

ಊರಿಗೆಲ್ಲ ಸೀಟಿ ಊದಿದವನು ದಡ್ಡಿಯ ನೀರಿನ ತೊಟ್ಟಿಯ ಅಂಚಿಗೆ ಕಲ್ಲಿನಂತೆ ಕೂತ. ಒಂದು ಮರಿ ಜಿಗಿಯಲು ಹೊರಟಿತು, ಅದನ್ನು ತೊಡೆಯ ಮೇಲೆ ಎಳೆದು ಒತ್ತಿ ಹಿಡಿದ. ಮೂಗಿನ ಮೇಲೆ ನೊಣ ಕೂತಿತು. ಓಡಿಸಲಿಲ್ಲ, ಪಾಪ!

ಒಳಗೆ ನೆಟ್ ಹರಿಯಿತು. ಕೊನೆಯ ಪ್ರಶ್ನೆ ನನಗೂ ಕೇಳಿಸಿತು. "ಯಂತ್ರ ಒಂದೇ ಇದೆ. ರೈತರೆಲ್ಲ ಬೀಜ ತಂದು ಒಮ್ಮೆಲೇ ನಿಂತರೆ ಏನು ಮಾಡುತ್ತೀರಿ?"

ಗಾಬರಿಯಲ್ಲಿ ನಮ್ಮ ಹುಡುಗಿಗೆ ಪುಸ್ತಕದ ಮಾತು ಮರೆತುಹೋಯಿತು. "ಪಾಳಿ ಹಚ್ಚತೇನ್ರಿ ಸರ್. ಆದ್ರ ಪಾಳಿ ಹಚ್ಚೋರನ್ನ ಮೊದಲ ಒಂದ ಕಡೆ ಕುಂಡ್ರಸತೇನ್ರಿ!"

ಆ ಕಡೆಯಿಂದ ನಗೆ ಕೇಳಿಸಿತು. "ಸೋಮವಾರದಿಂದ ಬನ್ನಿ" ಎಂದರು!

ಉದ್ದವ್ವ ಅತ್ತಳು, ವಿದ್ಯಾ ನಕ್ಕಳು, ಮಯೂರಿ ನನ್ನ ಕಾಲಿಗೆ ಬಿದ್ದಳು. ದಾಕ್ಷಾಯಿಣಿ ಗೋಡೆ ಹಾರಿಯೇ ಬಂದಳು. ಈಗ ಎಲ್ಲರೂ ಓಣಿಯಲ್ಲಿ ಸಕ್ಕರೆ ಹಂಚಲು ಹೋಗಿದ್ದಾರೆ. ನಾನು ಹತ್ತರಗಿಯ ಬೀಗರಿಗೆ ಸುದ್ದಿ ಮುಟ್ಟಿಸೋಣ ಅಂತ ಮೊಬೈಲ್ ಹುಡುಕಿದೆ. ಮೊಬೈಲ್ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಸತ್ತೆಪ್ಪನ ಸೊಂಟದಲ್ಲಿ. ಹಾಗಾದರೆ ಸತ್ತೆಪ್ಪ ಎಲ್ಲಿ?

ಅಯ್ಯೋ, ಅವನಿಗೆ ಏಳು ಅಂತ ಯಾರೂ ಹೇಳಿಯೇ ಇಲ್ಲ ತಂಗೀ! ನನ್ನ ಮೊಣಕಾಲು ಏಳಗೊಡುವುದಿಲ್ಲ. ಈ ಸಕ್ಕರೆ ಹಿಡಿದುಕೊಂಡು ನೀನೇ ಹಿತ್ತಲಿಗೆ ಹೋಗು. ಎದುರಿನಿಂದ ಹೋಗು, ಬೆನ್ನ ಹಿಂದಿನಿಂದ ಹೋದರೆ ಕಳ್ಳ ಅಂತ ಬಡಿಗೆ ಬೀಸಿಯಾನು. ಮುಂಬಾಗಿಲಿನಿಂದ ಬಂದದ್ದು ಒಳ್ಳೆಯದಾಯಿತು ಅಂದದ್ದು ಅದಕ್ಕೇ. "ನೀರು ಟೇಲ್ ಎಂಡಿಗೆ ಮುಟ್ಟಿತಂತ ಕಾಕಾರ, ಇನ್ನ ಏಳ್ರಿ" ಅನ್ನು. ಬರುವಾಗ ಟ್ರಂಕಿನ ಕೀಲಿ ಇಸಿದುಕೊಂಡು ಬಾ. ಆ ಮರಿಯನ್ನೂ ಬಿಡಿಸು, ಅದಕ್ಕೂ ಹಸಿವಾಗಿರುತ್ತದೆ.