ಮುಂಬೈಗೆ ಕಾಯಿ ಒಡೆದ ಷಡ್ಡಕ

ನನ್ನ ಷಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನಿಗೆ, ಮುಂಬೈಯಲ್ಲಿ ಒಂದು ಕಂಪ್ಯೂಟರ್ ಇದೆ. ಅದನ್ನು ಅವನು ನೋಡಿಲ್ಲ, ಮುಟ್ಟಿಲ್ಲ. ಆದರೂ ಹರಿಹರದ ತನ್ನ ಹಿಟ್ಟಿನ ಗಿರಣಿಯಲ್ಲಿ ಕೂತು ಅದರ ಕಿವಿ ಹಿಂಡಿ ದಾವಣಗೆರೆಯ ಕಲ್ಯಾಣ ಮಂಟಪಗಳ ವೈಫೈಯನ್ನೆಲ್ಲ ಕುಣಿಸುತ್ತಾನೆ. ಇಂಥವನನ್ನು ಹುಚ್ಚ ಅನ್ನಬೇಕೋ ಜಾಣ ಅನ್ನಬೇಕೋ? ನಮ್ಮತ್ತೆ ಮನೆಯವರು ಜಾಣ ಅಂತ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಾರೆ. ನನ್ನ ಹೊಟ್ಟೆ ಉರಿಯುವುದು ಅಲ್ಲೇ.

ಯಾಕೆಂದರೆ ವೈಫೈ ನನ್ನ ಕಸುಬು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡು ವರ್ಷಗಳೇ ಆದವು. ಏಣಿ ಹತ್ತಿ ವೈರು ಎಳೆದು, ಸೂರಿಗೆ ವೈಫೈ ಡಬ್ಬಿ ಬಡಿದು, ಒಂದು ಡಬ್ಬಿ ಮುನಿಸಿಕೊಂಡರೂ ಸ್ಕೂಟರ್ ಹತ್ತಿ ಓಡುತ್ತಿದ್ದವನು ನಾನು. ಹೋದ ವರ್ಷ ಒಂದು ಮಂಟಪದಲ್ಲಿ ಏಣಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡೆ. ನಾಲ್ಕು ತಿಂಗಳು ಹಾಸಿಗೆ. "ನಾ ನೋಡ್ಕಂತೀನಿ ಬಿಡ್ರಿ ಅಣ್ಣಾ" ಅಂತ ಇವನು ನನ್ನ ಗಿರಾಕಿಗಳ ಡೈರಿ ಒಯ್ದ. ನಾನು ಎದ್ದು ಕೂರುವಷ್ಟರಲ್ಲಿ ಗಿರಾಕಿಗಳೂ ಅವನವರು, ಕಸುಬೂ ಅವನದು!

ಗೋಧಿ ಬೀಸುವವನು ಇದನ್ನೆಲ್ಲ ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಎಲ್ಲ ಡಬ್ಬಿಗಳಿಗೂ ಅಪ್ಪಣೆ ಕೊಡಲು ಕಂಟ್ರೋಲರ್ ಅನ್ನುವ ಯಜಮಾನನೊಬ್ಬ ಬೇಕು. ಅವನನ್ನು ಕ್ಲೌಡಿನಲ್ಲಿ, ಅಂದರೆ ಯಾವುದೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ ಕೂರಿಸಿದರೆ ಎಲ್ಲಿಂದ ಬೇಕಾದರೂ ಆಳಬಹುದು. ಬಾಡಿಗೆಗೆ ಯಾವ ಊರು, ಸಿಂಗಪುರವೋ ಮುಂಬೈಯೋ ಅಂತ ಪರದೆ ಕೇಳಿತಂತೆ.

"ಮುಂಬೈ ಒತ್ತಿದೆ" ಅಂದ, ಅತ್ತೆ ಮನೆಯಲ್ಲಿ ಊಟಕ್ಕೆ ಕೂತಾಗ.

"ಯಾಕಪ್ಪಾ?" ಅಂದರು ಮಾವ.

"ನಮ್ಮ ಹೈವೇ ಹಿಡಿದ್ರೆ ಪೂನಾ ಮ್ಯಾಲೆ ಸೀದಾ ಐತೆ. ಕೆಟ್ರೆ ಬಸ್ ಹತ್ತಿ ಹೋಗಿ ನೋಡ್ಕಂಡು ಬರಬೌದು."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. "ಸಣ್ಣಳಿಯ ಎಷ್ಟು ಮುಂದಿಂದು ಯೋಚ್ನೆ ಮಾಡ್ತಾನೆ ನೋಡ್ರಿ" ಅಂತ ಅತ್ತೆ ಅವನ ಹೋಳಿಗೆಗೆ ಎರಡನೇ ಸಲ ತುಪ್ಪ ಸುರಿದರು. ದೊಡ್ಡಳಿಯನ ಹೋಳಿಗೆ ಒಣಗಿಯೇ ಇತ್ತು. ಸಣ್ಣಳಿಯನ ಲ್ಯಾಪ್‌ಟಾಪನ್ನಾದರೂ ಅತ್ತೆ ನೋಡಬೇಕಿತ್ತು! ಕೀಲಿಗಳ ಸಂದಿಯಲ್ಲೆಲ್ಲ ಜೋಳದ ಹಿಟ್ಟು. ಮುಟ್ಟಿದ್ದಕ್ಕೆಲ್ಲ ಬಿಳಿ ಬೆರಳಚ್ಚು ಒತ್ತುವ ಪ್ರಾಣಿ ಅವನು.

ಆಯುಧಪೂಜೆ ಬಂತು. ಗಿರಣಿಗೆ, ತಕ್ಕಡಿಗೆ, ಗಾಡಿಗೆಲ್ಲ ಕುಂಕುಮವಾಯಿತು. ಮುಂಬೈಯಲ್ಲಿರುವ ಕಂಟ್ರೋಲರಿಗೆ ಹೇಗೆ ಹಚ್ಚುವುದು? ಡಬ್ಬಿಗಳು ಅದನ್ನು ಹುಡುಕಿಕೊಂಡು ಹೋಗುವ ವಿಳಾಸದ ನಂಬರನ್ನು ಚೀಟಿಯಲ್ಲಿ ಬರೆದು, ಮಣೆಯ ಮೇಲಿಟ್ಟು, ವಿಭೂತಿ ಹಚ್ಚಿ, ಮುಂಬೈ ದಿಕ್ಕಿಗೆ ತಿರುಗಿ ಕಾಯಿ ಒಡೆದನಂತೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪೂಜೆಯಾದ ಆಯುಧಕ್ಕೆ ಅವತ್ತು ಕೆಲಸ ಹೇಳಬಾರದಲ್ಲ? ಗಿರಣಿಯ ಸ್ವಿಚ್ ಆರಿಸಿದವನು ಮುಂಬೈಯ ಕಂಪ್ಯೂಟರನ್ನೂ ಬಂದ್ ಮಾಡಿ ಮಲಗಿಸಿದ.

ಮರುದಿನ ಎಬ್ಬಿಸಿದರೆ ಅದು ಬೇರೆ ನಂಬರು ಹೊತ್ತುಕೊಂಡು ಎದ್ದಿತು. ಬಾಡಿಗೆ ಕಂಪ್ಯೂಟರಿನ ಗುಣವೇ ಅದು, ನಂಬರು ಕಾಯಂ ಮಾಡಿಸಿಕೊಳ್ಳದಿದ್ದರೆ ಮಲಗಿ ಎದ್ದಾಗ ಬದಲಾಗಿಬಿಡುತ್ತದೆ. ದಾವಣಗೆರೆಯ ಡಬ್ಬಿಗಳೆಲ್ಲ ಹಳೇ ವಿಳಾಸದ ಬಾಗಿಲು ಬಡಿಯುತ್ತಾ ನಿಂತವು.

"ಅಣ್ಣಾ, ಪರದೆ ಮ್ಯಾಲೆ ಎಲ್ಲಾ ಕೆಂಪಗಾಗೇತೆ. ಒಂದೀಟು ಬರ್ತೀರಾ?" ಅಂತ ಫೋನು ಬಂತು.

ಹೋಗದೇ ಇರುತ್ತೇನೆಯೇ? ಹೆಣ್ಣು ನೋಡಲು ಮಲೆಬೆನ್ನೂರಿಗೆ ಹೋದಾಗಲೂ ನಾನು ಅಷ್ಟು ಖುಷಿಯಿಂದ ಬಸ್ ಹತ್ತಿರಲಿಲ್ಲ. ಸಣ್ಣಳಿಯನ ಪಜೀತಿಯನ್ನು ಅತ್ತೆಗೆ ಹೇಗೆ ಬಣ್ಣಿಸಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಗಿರಣಿಯಲ್ಲಿ ಅವನು ತನ್ನ ಕುರ್ಚಿ ಬಿಟ್ಟುಕೊಟ್ಟ. ಹಿಟ್ಟು ಊದಿ, ಕಂಟ್ರೋಲರಿನ ಪುಟ ತೆರೆದೆ. ನನ್ನ ಹಳೇ ಗಿರಾಕಿಗಳ ಮಂಟಪಗಳೆಲ್ಲ ಸಾಲಾಗಿ ಇದ್ದವು. ಹೊಸ ಗಿರಾಕಿ ಒಬ್ಬರೂ ಇಲ್ಲ. ಮೇಲೆ ಮಾಲೀಕ ಅನ್ನುವ ಕಡೆ ನನ್ನ ಹೆಸರಿತ್ತು. ಅದರ ಕೆಳಗೆ ಸಹಾಯಕ ಅಂತ ಅವನದು. ಹೆಸರು ಸೇರಿಸಿದ್ದು ನಾನು ಬಿದ್ದ ಮೂರನೇ ವಾರದ ತಾರೀಖಿನಂದು.

"ಇದೇನೋ ಇದು?"

"ನಿಮ್ಮದೇ ಅಲ್ಲೇನಣ್ಣಾ. ಇನ್ನು ಏಣಿ ಹತ್ತಬ್ಯಾಡ ಅಂದ್ರಲ್ಲ ಡಾಕ್ಟ್ರು. ಕುಂತಲ್ಲಿಂದ್ಲೇ ನಡೆಸಂಗಾದ್ರೆ ನೀವು ಕಸುಬು ಬಿಡೋದು ತಪ್ಪುತ್ತೆ ಅಂತ ಮಾಡಿದ್ದು."

"ಮತ್ತೆ ಹೇಳಬಾರದಿತ್ತಾ?"

"ಹೇಳಾಕ ಬಂದಾಗೆಲ್ಲ ನೀವು ಮಾರಿ ತಿರುಗಿಸ್ಕಂಡು ಒಳಗೆ ಹೋಗ್ತಿದ್ರಿ."

ಹೌದು, ಹೋಗುತ್ತಿದ್ದೆ. ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಅಲ್ಲೇ ಬಿಟ್ಟೆ. ಹೊಸ ನಂಬರನ್ನು ಕಾಯಂ ಮಾಡಿದೆ. ನಾಳೆ ಇಬ್ಬರೂ ಸೇರಿ ಮಂಟಪಗಳಿಗೆ ಹೋಗಿ ಡಬ್ಬಿಗಳಿಗೆ ಆ ನಂಬರು ಹೇಳಿಕೊಡುವುದು ಅಂತಾಯಿತು.

ಬಸ್ ಸ್ಟ್ಯಾಂಡಿನ ತನಕ ಬಂದ. ಬಸ್ಸಿನ ಮೆಟ್ಟಿಲು ಎತ್ತರವಿತ್ತು. "ಸಾವಕಾಶ ಹತ್ರಿ" ಅಂತ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ಸೀಟಿನಲ್ಲಿ ಕೂತು ನೋಡಿದರೆ ನೀಲಿ ಅಂಗಿಯ ತೋಳಿನ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು. ದಾವಣಗೆರೆ ಬರುವತನಕ ನಾನು ಅದನ್ನು ಕೊಡವಿಕೊಳ್ಳಲಿಲ್ಲ.